ಉದ್ಯಮಿಯೊಬ್ಬನ ಉದ್ಯೋಗಪರ್ವ

ಕೆಲವು ವರ್ಷಗಳ ಹಿಂದೆ ಶಿರಸಿಯಲ್ಲಿ ಸಣ್ಣ ಉದ್ಯಮಿಗಳಿಗಾಗಿ ನಡೆದ ಎರಡು ದಿನದ ತರಬೇತಿಯಲ್ಲಿ ನಮ್ಮ ಕೈಗೊಂದು ಪ್ರಶ್ನಾವಳಿ ಕೊಟ್ಟರು. ಒಟ್ಟು 30 ಜೋಡಿ ಹೇಳಿಕೆಗಳು. ಪ್ರತಿ ಜೋಡಿಯಲ್ಲಿ ನಮ್ಮ ಸ್ವಭಾವಕ್ಕೆ ಹತ್ತಿರವಾದ ಒಂದಕ್ಕೆ ಗುರುತು ಹಾಕಬೇಕು. ಕೊನೆಗೆ ಅಂಕ ಕೂಡಿಸಿದರೆ, ಜಗಳ ಬಂದಾಗ ನಾವು ಎಂಥವರಾಗುತ್ತೇವೆ ಎಂಬುದು ಗೊತ್ತಾಗುತ್ತದಂತೆ. ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್ಮನ್ ಎಂಬಿಬ್ಬರು 1974ರಲ್ಲಿ ರೂಪಿಸಿದ ಪರೀಕ್ಷೆ ಅದು. ಮನುಷ್ಯರನ್ನು ಐದು ಬಗೆಯಾಗಿ ನೋಡುತ್ತದೆ: ಹಟ ಹಿಡಿದು ಗೆಲ್ಲುವವರು, ಬಿಟ್ಟುಕೊಡುವವರು, ತಪ್ಪಿಸಿಕೊಳ್ಳುವವರು, ಅರ್ಧಕ್ಕೆ ಒಪ್ಪುವವರು, ಇಬ್ಬರಿಗೂ ಒಪ್ಪುವ ದಾರಿಯನ್ನು ಕೂಡಿ ಹುಡುಕುವವರು. ನನಗೆ ಹೆಚ್ಚು ಅಂಕ ಬಂದದ್ದು ಐದನೆಯದರಲ್ಲಿ. ಆ ಹಾಳೆಯನ್ನು ಜೋಪಾನವಾಗಿ ತಂದು ನಮ್ಮ ಘಟಕದ ಆಫೀಸು ಕೋಣೆಯ ಗೋಡೆಗೆ ಅಂಟಿಸಿದೆ.

ಹಾಗೆ ಅಂಟಿಸಿದ ದಿನಕ್ಕೆ ನಾನೂ ನನ್ನ ಪಾಲುದಾರನೂ ಮಾತು ಬಿಟ್ಟು ಮೂರು ತಿಂಗಳಾಗಿತ್ತು. ಪಾಲುದಾರನೆಂದರೆ ಬೇರೆ ಯಾರೂ ಅಲ್ಲ, ನನ್ನ ತಂಗಿಯ ಗಂಡ.

ಆ ಜಗಳದ ಕತೆಯನ್ನು ಇಲ್ಲಿ ಹೇಳುತ್ತಿರುವುದಕ್ಕೆ ಕಾರಣವಿದೆ. ಅದು ನನಗೆ ಅರ್ಥವಾದದ್ದು ತರಬೇತಿಯಿಂದಲ್ಲ. ಸಿದ್ದಾಪುರದ ಕಡೆಯ ಒಂದು ಮನೆಯ ಜಗಲಿಯ ಮೇಲೆ ಕೇಳಿದ ಕೃಷ್ಣಸಂಧಾನದ ತಾಳಮದ್ದಲೆಯಿಂದ. ಅರ್ಥವಾಯಿತು ಎಂದುಕೊಂಡದ್ದು ಪೂರ್ತಿ ಸರಿಯಾಗಿರಲಿಲ್ಲ ಎಂಬುದು ತಿಳಿದದ್ದು ಆಮೇಲೆ, ಉದ್ಯೋಗಪರ್ವವನ್ನು ಮತ್ತೆ ಓದಿದಾಗ. ಹಾಗಾಗಿ ಇದು ನನ್ನ ಜಗಳದ ಕತೆಗಿಂತ ಹೆಚ್ಚಾಗಿ ಆ ಪ್ರಸಂಗದ ಓದು.

ಮೊದಲು ಜಗಳ. ನಮ್ಮದು ಅಡಿಕೆ ಹಾಳೆಯಿಂದ ತಟ್ಟೆ ಮಾಡುವ ಘಟಕ. ಭಾವ ಯಲ್ಲಾಪುರದ ಕಡೆಯವನು. ಹಾಳೆ ಖರೀದಿ, ಪ್ರೆಸ್ಸು, ಕೆಲಸದವರು ಅವನ ಪಾಲು. ಗಿರಾಕಿ, ಲಾರಿ, ಲೆಕ್ಕ ನನ್ನ ಪಾಲು. ಹಾಳೆ ತಟ್ಟೆಯ ಕೆಲಸ ಬಲ್ಲವರಿಗೆ ಮಳೆಗಾಲದ ಕಷ್ಟ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಉದುರಿದ ಹಾಳೆಯನ್ನು ಒಣಗಿಸಿ ಅಟ್ಟಕ್ಕೇರಿಸಬೇಕು. ಅದರಲ್ಲಿ ಹಸಿ ಉಳಿದರೆ ತಟ್ಟೆಗೆ ಬೂಸ್ಟು ಹಿಡಿಯುತ್ತದೆ. ಒಂದು ಆಷಾಢದಲ್ಲಿ ದೂರದ ಊರಿಗೆ ಹೋದ ನಮ್ಮ ಮಾಲು ಪೂರ್ತಿ ಬೂಸ್ಟು ಹಿಡಿದು ವಾಪಸು ಬಂತು. ಸರಿಯಾಗಿ ಒಣಗದ ಹಾಳೆಯನ್ನು ಅವನು ಕೊಂಡದ್ದು ತಪ್ಪು ಎಂದು ನಾನು. ನನ್ನನ್ನೊಂದು ಮಾತು ಕೇಳದೆ ಜಡಿಮಳೆಯಲ್ಲಿ ಅಷ್ಟು ದೊಡ್ಡ ಆರ್ಡರು ಹಿಡಿದದ್ದು ತಪ್ಪು ಎಂದು ಅವನು. ಇಬ್ಬರ ಮಾತೂ ನಿಜವಾಗಿತ್ತು. ಜಗಳ ಬೆಳೆಯಲು ಅಷ್ಟು ಸಾಕಾಯಿತು.

ಕೊನೆಗೆ ನಾನೇ ಅವನ ಮನೆಗೆ ಹೋದೆ. ಒಬ್ಬನೇ ಹೋಗಲಿಲ್ಲ, ಇಬ್ಬರಿಗೂ ಬೇಕಾದ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋದೆ. ಭಾವನ ಅಪ್ಪಯ್ಯನೂ ಜಗಲಿಯಲ್ಲಿ ಬಂದು ಕೂತರು. ತಂಗಿ ಬಂದು, “ಅಣ್ಣ, ಆಸರಿಗೆ ಎಂತ ಬೇಕು?” ಎಂದು ಕೇಳಿದಳು. ಕಷಾಯದ ಲೋಟ ಆಗಲೇ ಅವಳ ಕೈಯಲ್ಲಿತ್ತು. “ಮೊದಲು ಮಾತು ಮುಗಿಯಲಿ” ಎಂದೆ. ಆಮೇಲೆ ಅರ್ಧ ಗಂಟೆ ಮಾತಾಡಿದೆ. ಲೆಕ್ಕದ ಪುಸ್ತಕ ಬಿಚ್ಚಿಟ್ಟೆ. ನನ್ನ ತಪ್ಪು ಇಷ್ಟು ಎಂದು ನಾನೇ ಒಪ್ಪಿಕೊಂಡೆ. ನಷ್ಟದಲ್ಲಿ ಅರ್ಧಕ್ಕಿಂತ ಹೆಚ್ಚು ನಾನೇ ಹೊರುತ್ತೇನೆ ಎಂದೆ. ಹಿರಿಯರು ತಲೆದೂಗಿದರು. ಭಾವ ಎಲ್ಲವನ್ನೂ ಕೇಳಿ ಒಂದೇ ಮಾತು ಹೇಳಿದ: “ಭಾವ, ನೀ ಹೇಳಿದ್ದೆಲ್ಲ ಸರಿ ಇದ್ದು. ಆದ್ರೆ ನೀ ಅದ್ನ ಯಂಗೆ ಹೇಳಿದ್ದಲ್ಲ, ಅಪ್ಪಯ್ಯಂಗೆ ಹೇಳಿದ್ದು.” ಎದ್ದು ತೋಟಕ್ಕೆ ಹೋದ.

ಇದಕ್ಕಿಂತ ಮೊಂಡುತನ ಇರಲಾರದು ಎಂದುಕೊಂಡು ನಾನು ಮನೆಗೆ ಬಂದೆ.

*

ಇನ್ನು ಉದ್ಯೋಗಪರ್ವ. ಇವತ್ತಿನ ಕನ್ನಡದಲ್ಲಿ ಉದ್ಯೋಗ ಎಂದರೆ ನೌಕರಿ, ಉದ್ಯಮ ಎಂದರೆ ಸ್ವಂತ ವ್ಯವಹಾರ. ಹಳೆಯ ಅರ್ಥದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ: ಎದ್ದು ಒಂದು ಕೆಲಸಕ್ಕೆ ಅಣಿಯಾಗುವುದು. ಮಹಾಭಾರತದ ಆ ಪರ್ವದ ತುಂಬ ರಾಯಭಾರಗಳೇ ಇವೆ, ಅದರ ಹೆಸರಿನಲ್ಲಿರುವುದು ಮಾತ್ರ ಯುದ್ಧದ ಸಿದ್ಧತೆ. ‘ಸಂಧಾನ’ ಎಂಬ ಪದ ಇನ್ನೂ ವಿಚಿತ್ರ. ಮುರಿದದ್ದನ್ನು ಕೂಡಿಸುವುದು ಸಂಧಾನ. ಬಾಣವನ್ನು ಹೆದೆಗೆ ಹೂಡುವುದೂ ಸಂಧಾನವೇ. ಶರಸಂಧಾನ ಎಂದು ಯಕ್ಷಗಾನದಲ್ಲಿ ದಿನಾ ಕೇಳುತ್ತೇವೆ. ಹಾಗೆಯೇ ನಮ್ಮ ಮೂರು ತಾಲೂಕುಗಳು ಬದುಕುವ ಅಡಿಕೆಯದು. ಕವಳದ ತಬಕು ಮುಂದಿಟ್ಟರೆ ಮಾತು ಪಕ್ಕಾ ಆಯಿತೆಂದು ಅರ್ಥ, ಆದರೆ ಯುದ್ಧಕ್ಕೆ ಕರೆಯುವುದಕ್ಕೂ ರಣವೀಳ್ಯವೇ ಬೇಕು. ಕೂಡಿಸುವ ಸಾಮಗ್ರಿ, ಕಾದಾಡುವ ಸಾಮಗ್ರಿ ಎಂದು ಭಾಷೆ ಬೇರೆ ಬೇರೆ ಪಟ್ಟಿ ಇಟ್ಟುಕೊಂಡಿಲ್ಲ.

ಈ ಪರ್ವದಲ್ಲಿ ಒಂದೇ ವಿವಾದಕ್ಕೆ ಮೂರು ದೊಡ್ಡ ರಾಯಭಾರಗಳು ನಡೆಯುತ್ತವೆ. ಮೊದಲನೆಯದು ದ್ರುಪದನ ಪುರೋಹಿತನದು. ಉಪಪ್ಲಾವ್ಯದ ಸಭೆಯಲ್ಲಿ ಅವನನ್ನು ಕಳಿಸುವ ತೀರ್ಮಾನವಾಗುವ ಹೊತ್ತಿಗೇ ಸೈನ್ಯ ಸೇರಿಸಲು ರಾಜರುಗಳಿಗೆ ದೂತರನ್ನು ಅಟ್ಟುವ ತೀರ್ಮಾನವೂ ಆಗುತ್ತದೆ. ವ್ಯವಹಾರದ ಭಾಷೆಯಲ್ಲಿ ಹೇಳುವುದಾದರೆ, ಮಾತುಕತೆಯ ಪತ್ರ ಮತ್ತು ವಕೀಲರ ನೋಟೀಸು ಒಂದೇ ಟಪಾಲಿನಲ್ಲಿ ಹೋದಂತೆ. ಅದೇ ಸಭೆಯಲ್ಲಿ ಬಲರಾಮ ಮೆತ್ತಗೆ ಮಾತಾಡುತ್ತಾನೆ: ಧರ್ಮರಾಯ ತಾನಾಗಿಯೇ ಜೂಜಾಡಿ ಸೋತವನು, ಆದ್ದರಿಂದ ತಗ್ಗಿ ಕೇಳಬೇಕು ಎನ್ನುತ್ತಾನೆ. ಸಾತ್ಯಕಿ ಸಿಡಿಯುತ್ತಾನೆ. ನನ್ನ ಗೋಡೆಯ ಮೇಲಿನ ಐದು ಬಗೆಗಳಲ್ಲಿ ಎರಡು ಮೊದಲ ಸಭೆಯಲ್ಲೇ ಎದುರುಬದುರಾಗಿವೆ.

ಎರಡನೆಯದು ಸಂಜಯನದು. ಇದರ ಬಗ್ಗೆ ನಮ್ಮ ಕಡೆ ಹೆಚ್ಚು ಮಾತಿಲ್ಲ, ನನಗೆ ಮಾತ್ರ ಅತ್ಯಂತ ಹತ್ತಿರದ್ದು ಅನ್ನಿಸುವುದು ಇದೇ. ಧೃತರಾಷ್ಟ್ರ ಕಳಿಸಿದ ಸಂಜಯನ ಕೈಯಲ್ಲಿ ಕೊಡಲು ಒಂದು ಹಿಡಿ ಮಣ್ಣೂ ಇಲ್ಲ. ಅವನು ತಂದದ್ದು ಒಳ್ಳೆಯ ಮಾತು ಮಾತ್ರ. ಯುಧಿಷ್ಠಿರಾ, ನೀನು ಧರ್ಮಾತ್ಮ, ಬಂಧುಗಳನ್ನು ಕೊಂದು ಪಡೆಯುವ ರಾಜ್ಯಕ್ಕಿಂತ ಭಿಕ್ಷೆಯೇ ಮೇಲು ಎಂಬ ಧಾಟಿಯದು. ಕೊಡಬೇಕಾದವನು ಕೊಡದೆ, ಕಳೆದುಕೊಂಡವನ ಒಳ್ಳೆಯತನಕ್ಕೆ ಮನವಿ ಮಾಡುವುದು. ಸಣ್ಣ ವ್ಯವಹಾರ ಮಾಡಿದ ಎಲ್ಲರಿಗೂ ಈ ಸಂಜಯ ಗೊತ್ತು. ಬಾಕಿ ಕೇಳಲು ಫೋನ್ ಮಾಡಿದಾಗ, “ನಿಮ್ಮಂಥವರೇ ಹೀಗಂದರೆ ಹೇಗೆ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ” ಎನ್ನುವ ದನಿ ಅವನದು. ಪ್ರಶ್ನಾವಳಿಯ ಮೊದಲ ಕೊರತೆ ನನಗೆ ಕಂಡದ್ದು ಇಲ್ಲಿ. ‘ಬಿಟ್ಟುಕೊಡುವುದು’ ಒಂದು ಸ್ವಭಾವ ಎಂದು ಅದು ತಿಳಿಯುತ್ತದೆ. ಭೂಮಿ ಯಾರ ಕೈಯಲ್ಲಿದೆ ಎಂದು ಕೇಳುವುದಿಲ್ಲ. ರಾಜ್ಯ ಕೈಯಲ್ಲಿದ್ದವನು ಬಿಟ್ಟುಕೊಟ್ಟರೆ ಅದು ಔದಾರ್ಯ. ಕಾಡಿನಿಂದ ಈಗಷ್ಟೇ ಬಂದವನು ಬಿಟ್ಟುಕೊಟ್ಟರೆ ಅದಕ್ಕೆ ಬೇರೆ ಹೆಸರು ಬೇಕು.

ಧರ್ಮರಾಯ ಐದು ಗ್ರಾಮಗಳಿಗೆ ಇಳಿಯುತ್ತಾನೆ. ಅರ್ಧಕ್ಕೆ ಒಪ್ಪುವುದಿರಲಿ, ಅದು ನೂರರಲ್ಲಿ ಒಂದಕ್ಕೂ ಒಪ್ಪಿದ ಹಾಗೆ. ಆಗ ದ್ರೌಪದಿ ಬಿಚ್ಚಿದ ಮುಡಿಯನ್ನು ಕೃಷ್ಣನ ಮುಂದೆ ಹಿಡಿಯುತ್ತಾಳೆ. ಇದನ್ನು ಸೇಡಿನ ಕಿಚ್ಚು ಎಂದು ಓದುವುದು ರೂಢಿ. ನನಗೆ ಅದೊಂದು ಲೆಕ್ಕದ ಪ್ರಶ್ನೆಯಾಗಿಯೂ ಕೇಳುತ್ತದೆ. ಐದು ಊರು ಬಂದರೆ ಐವರಿಗೆ ಸರಿಹೋಯಿತು. ಸಭೆಯಲ್ಲಿ ಎಳೆಸಿಕೊಂಡದ್ದು ಅವಳು, ಅವಳ ಬಾಬತ್ತು ಯಾವ ಊರಿನ ಜಮೆಗೆ ಬಂತು? ಒಪ್ಪಂದಕ್ಕೆ ಕೂರುವ ಗಂಡಸರು ತಮ್ಮ ತಮ್ಮ ಪಾಲು ಬಿಟ್ಟುಕೊಟ್ಟು ದೊಡ್ಡವರಾಗುವಾಗ, ಒಪ್ಪಂದದಲ್ಲಿ ಹೆಸರೇ ಇಲ್ಲದವರ ಪಾಲೂ ಅದರ ಜೊತೆಗೆ ಹೋಗಿರುತ್ತದೆ. ನಮ್ಮ ಪಾಲುದಾರಿಕೆಯ ಪತ್ರದಲ್ಲಿ ನನ್ನ ತಂಗಿಯ ಹೆಸರಿರಲಿಲ್ಲ. ನಾವು ಮಾತು ಬಿಟ್ಟ ಆ ಮೂರು ತಿಂಗಳು ತವರಿಗೆ ಬರಲಾಗದೆ ಉಳಿದವಳು ಮಾತ್ರ ಅವಳೇ.

*

ಮೂರನೆಯ ರಾಯಭಾರವೇ ಕೃಷ್ಣನದು, ನಮ್ಮ ಜಗಲಿಗಳ ಮೆಚ್ಚಿನ ಪ್ರಸಂಗ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಮಳೆಗಾಲವೆಂದರೆ ತಾಳಮದ್ದಲೆಯ ಕಾಲ. ಬಯಲಿನಲ್ಲಿ ಆಟ ಆಗುವುದಿಲ್ಲ, ತೋಟದಲ್ಲಿ ಕೊಳೆಮದ್ದು ಹೊಡೆದು ಮುಗಿದ ಬಿಡುವಿನಲ್ಲಿ ಒಂದೊಂದು ಮನೆಯಲ್ಲಿ ಒಂದೊಂದು ಕೂಟ. ಹೊರಗಿನ ಓದುಗರಿಗಾಗಿ ಒಂದು ಮಾತು: ಇಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಮದ್ದಲೆ ನುಡಿಯುತ್ತದೆ, ಪಂಚೆ ಶಲ್ಯದಲ್ಲಿ ಎದುರುಬದುರು ಕೂತ ಅರ್ಥಧಾರಿಗಳು ಆ ಪದಕ್ಕೆ ತಮ್ಮ ಮಾತಿನಲ್ಲಿ ಅರ್ಥ ಹೇಳುತ್ತಾರೆ. ಪದ ಸಿದ್ಧ, ಕತೆ ಸಿದ್ಧ, ಸೋಲುವವನಾರು ಗೆಲ್ಲುವವನಾರು ಎಂಬುದೂ ಸಿದ್ಧ. ಮಾತು ಮಾತ್ರ ಸಿದ್ಧವಲ್ಲ. ಎದುರಿನವನು ಏನು ಹೇಳುತ್ತಾನೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು.

ಈ ಕಲೆಗೊಂದು ಕಟ್ಟುನಿಟ್ಟಾದ ನ್ಯಾಯವಿದೆ. ಕೌರವನ ಅರ್ಥ ಹೇಳುವವನು ಕೌರವನನ್ನು ಗೇಲಿ ಮಾಡುವಂತಿಲ್ಲ. ಅವನ ಪಕ್ಷಕ್ಕೆ ಎಷ್ಟು ಬಲವಾದ ವಾದ ಸಾಧ್ಯವೋ ಅಷ್ಟನ್ನೂ ಅವನು ಹೊರಗೆ ತರಬೇಕು. ಕೂತ ಸಭೆ ಒಂದು ಗಳಿಗೆಯಾದರೂ “ಹೌದಲ್ಲ, ಇವನು ಹೇಳುವುದರಲ್ಲಿ ತಪ್ಪೇನಿದೆ” ಎಂದು ಅಲುಗಾಡಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿ, ರಾವಣರ ಪಾತ್ರಗಳಲ್ಲಿ ದೊಡ್ಡವರಾದದ್ದು ಈ ಬಲದಿಂದಲೇ. ಇವತ್ತು ಕೌರವನಾದವನು ನಾಳೆ ಇನ್ನೊಂದು ಜಗಲಿಯಲ್ಲಿ ಕೃಷ್ಣನಾಗಬಹುದು. ಎದುರಾಳಿಯ ಮಾತನ್ನು ಒಳಗಿನಿಂದ ಆಡಿ ಗೊತ್ತಿರುವವನಿಗೆ ಮಾತ್ರ ಅದಕ್ಕೆ ಉತ್ತರ ಹೊಳೆಯುತ್ತದೆ. ಎದುರಿನವರ ಸ್ಥಾನದಲ್ಲಿ ನಿಂತು ನೋಡಿ ಎಂದು ತರಬೇತಿಯಲ್ಲೂ ಹೇಳಿದ್ದರು. ಅಲ್ಲಿ ಅದು ಹತ್ತು ನಿಮಿಷದ ಚಟುವಟಿಕೆಯಾಗಿತ್ತು. ಇಲ್ಲಿ ಅದಕ್ಕಾಗಿ ಜನ ಆಯುಷ್ಯವನ್ನೇ ಕೊಟ್ಟಿದ್ದಾರೆ.

ಆ ರಾತ್ರಿ ಕೌರವನಾಗಿದ್ದವರು ಹೆಸರಾಂತ ಕಲಾವಿದರೇನೂ ಅಲ್ಲ, ತೋಟ ಮಾಡಿಕೊಂಡಿರುವ ಹವ್ಯಾಸಿ. ಕೃಷ್ಣ ಸಾಮದಿಂದ ಹಿಡಿದು ಎಲ್ಲ ಉಪಾಯಗಳನ್ನೂ ಹೂಡಿ, ಭೀಷ್ಮ ದ್ರೋಣರನ್ನು ಸಾಕ್ಷಿಗೆ ಕರೆದು, ಐದೇ ಊರು ಸಾಕೆಂದು ಮುಗಿಸಿದ. ಕೌರವ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ದನಿ ಏರಿಸದೆ ಕೇಳಿದ: “ಕೃಷ್ಣಾ, ಇಷ್ಟು ಹೊತ್ತು ನೀನು ಮಾತಾಡಿದ್ದು ನನ್ನ ಕಡೆ ನೋಡಿಯೋ, ಈ ಸಭೆಯ ಕಡೆ ನೋಡಿಯೋ? ನೀನು ಬಂದದ್ದು ದೂತನಾಗಿಯೋ, ಸಾಕ್ಷಿ ಮಾಡಿಕೊಳ್ಳುವುದಕ್ಕೋ?”

ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ನನಗೆ ಭಾವನ ಜಗಲಿ ನೆನಪಾಯಿತು.

*

ಕೌರವನ ಆ ಪ್ರಶ್ನೆ ಅರ್ಥಧಾರಿಯ ಸ್ವಂತದ್ದೇ ಇರಬಹುದು. ಆದರೆ ಅದಕ್ಕೆ ಬೇರು ಮೂಲದಲ್ಲೇ ಇದೆ. ವ್ಯಾಸಭಾರತದಲ್ಲಿ ಕೃಷ್ಣ ಹಸ್ತಿನಾಪುರಕ್ಕೆ ಬಂದವನು ದುರ್ಯೋಧನನ ಊಟದ ಕರೆಯನ್ನು ನಿರಾಕರಿಸುತ್ತಾನೆ. ದೂತರು ಬಂದ ಕೆಲಸ ಆದಮೇಲೆಯೇ ಉಣ್ಣುವುದು ಎನ್ನುತ್ತಾನೆ. ದುರ್ಯೋಧನ ಮತ್ತೆ ಕೆಣಕಿದಾಗ, ಪರರ ಅನ್ನವನ್ನು ಪ್ರೀತಿಯಿಂದ ಉಣ್ಣಬೇಕು, ಇಲ್ಲವೇ ಆಪತ್ತಿನಲ್ಲಿ ಉಣ್ಣಬೇಕು, ಇಲ್ಲಿ ಎರಡೂ ಇಲ್ಲ ಎಂಬರ್ಥದ ಮಾತಾಡಿ ವಿದುರನ ಮನೆಗೆ ಹೋಗುತ್ತಾನೆ. ರಾತ್ರಿ ವಿದುರ ನೇರವಾಗಿಯೇ ಹೇಳುತ್ತಾನೆ: ನೀನು ಬರಬಾರದಿತ್ತು, ಕಿವುಡರ ಮುಂದೆ ಹಾಡಿದಂತೆ ಇದು. ಆಗ ಕೃಷ್ಣ ಕೊಡುವ ಉತ್ತರವೇ ಇಡೀ ಪ್ರಸಂಗದ ಕೀಲಿ. ಪ್ರಯತ್ನ ಫಲಿಸದಿದ್ದರೂ ಪ್ರಯತ್ನಿಸಿದ ಪುಣ್ಯ ಸಿಗುತ್ತದೆ ಎನ್ನುತ್ತಾನೆ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತಾನೆ: ಸಾಧ್ಯವಿದ್ದೂ ಕೃಷ್ಣ ತಡೆಯಲಿಲ್ಲ ಎಂದು ನಾಳೆ ಯಾರೂ ಹೇಳಬಾರದು.

ಅಂದರೆ ಕೃಷ್ಣ ಎರಡು ಕೆಲಸ ಹೊತ್ತು ಬಂದಿದ್ದಾನೆ. ಸಂಧಿ ಆಗುವುದಾದರೆ ಆಗಲಿ, ಆಗದಿದ್ದರೆ ನಿರಾಕರಿಸಿದವನು ಯಾರೆಂದು ಲೋಕಕ್ಕೆ ಗೊತ್ತಾಗಲಿ. ಉಪಪ್ಲಾವ್ಯಕ್ಕೆ ಮರಳಿದ ಮೇಲೆ ಅವನು ಕೊಡುವ ವರದಿಯೂ ಹಾಗೇ ಇದೆ: ಸಾಮ ಆಯಿತು, ಭೇದ ಆಯಿತು, ದಾನ ಆಯಿತು, ಇನ್ನು ದಂಡವೊಂದೇ ಉಳಿದದ್ದು. ಕೂಡಿಸುವ ಸಂಧಾನ ಮುಗಿದ ಜಾಗದಲ್ಲೇ ಹೆದೆಗೇರಿಸುವ ಸಂಧಾನ ಶುರುವಾಗಿದೆ.

ಕೃಷ್ಣನನ್ನು ಆದರ್ಶ ಸಂಧಾನಕಾರನೆಂದು ಉದ್ಯಮಿಗಳಿಗೆ ಬೋಧಿಸುವ ಭಾಷಣಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಅವುಗಳ ಬಗ್ಗೆ ನನ್ನ ತಕರಾರು ಇಲ್ಲಿಂದ ಹುಟ್ಟುತ್ತದೆ. ಕೃಷ್ಣನ ಸಂದರ್ಭದಲ್ಲಿ ಆ ಎರಡನೇ ಕೆಲಸಕ್ಕೆ ಅರ್ಥವಿದೆ. ಹದಿನೆಂಟು ಅಕ್ಷೋಹಿಣಿ ಸಾಯಲಿರುವ ಯುದ್ಧಕ್ಕೆ ಮೊದಲು ಯಾರು ಕಾರಣ ಎಂಬುದು ದಾಖಲಾಗಬೇಕು. ಆದರೆ ನಿತ್ಯದ ಪಾಲುದಾರಿಕೆಯಲ್ಲಿ ಈ ಎರಡು ಕೆಲಸಗಳು ಒಂದನ್ನೊಂದು ತಿನ್ನುತ್ತವೆ. ಸಾಕ್ಷಿಗಳ ಮುಂದೆ ನಾನು ತಪ್ಪೊಪ್ಪಿಕೊಂಡದ್ದು ಭಾವನಿಗೆ ತಪ್ಪೊಪ್ಪಿಗೆಯಾಗಿ ತಲುಪಲಿಲ್ಲ. ‘ನೋಡಿ, ನಾನು ಇಷ್ಟು ದೊಡ್ಡವನು’ ಎಂಬ ಪ್ರದರ್ಶನವಾಗಿ ತಲುಪಿತು. ನಷ್ಟದಲ್ಲಿ ಹೆಚ್ಚಿನ ಪಾಲು ಹೊರುತ್ತೇನೆ ಎಂದದ್ದು ಅವನ ಅಪ್ಪಯ್ಯನ ಮುಂದೆ ಅವನನ್ನು ಸಣ್ಣವನನ್ನಾಗಿಸಿತು. ಅವನು ಒಪ್ಪಿದ್ದರೆ ನನ್ನ ಔದಾರ್ಯ ಉಂಡವನಾಗುತ್ತಿದ್ದ, ಒಪ್ಪದೆ ಮೊಂಡನಾದ. ಎರಡು ಬಾಗಿಲೂ ನಾನೇ ಮುಚ್ಚಿ ಹೋಗಿದ್ದೆ. ಪ್ರಶ್ನಾವಳಿಯ ಪ್ರಕಾರ ನಾನು ಅಲ್ಲಿ ಮಾಡಿದ್ದು ಐದನೆಯ ಬಗೆಯ ಕೆಲಸ. ಪ್ರಶ್ನಾವಳಿಯಲ್ಲಿ ಇರುವುದು ಇಬ್ಬರೇ, ನಾನು ಮತ್ತು ಎದುರಿನವನು. ಜಗಲಿಯಲ್ಲಿ ಕೂತ ಮೂರನೆಯವರಿಗೆ ಅದರಲ್ಲಿ ಜಾಗವಿಲ್ಲ. ನಮ್ಮ ಊರುಗಳಲ್ಲಿ ಆ ಮೂರನೆಯವರಿಲ್ಲದ ಜಗಳವೇ ಇಲ್ಲ.

ಇನ್ನೊಂದು ವಿಷಯ ನನ್ನನ್ನು ಹೆಚ್ಚು ಚುಚ್ಚಿತು. ಕೃಷ್ಣ ಊಟ ನಿರಾಕರಿಸಿದ್ದು ಪ್ರೀತಿಯಿಲ್ಲದ ಮನೆಯಲ್ಲಿ. ನಾನು ಕಷಾಯ ನಿರಾಕರಿಸಿದ್ದು ತಂಗಿಯ ಮನೆಯಲ್ಲಿ.

*

ಹಾಗಾದರೆ ಸಭೆ ಬೇಡ, ಮಾತೇ ಬೇಡ, ಮನೆಯೊಳಗೇ ನುಂಗಿಕೊಂಡು ಹೋಗೋಣ ಎನ್ನಬಹುದೇ? ಇದಕ್ಕೆ ಉತ್ತರ ನಮ್ಮ ಜಿಲ್ಲೆಯವರೇ ಆದ ವಿವೇಕ ಶಾನಭಾಗರ ‘ಘಾಚರ್ ಘೋಚರ್’ನಲ್ಲಿದೆ. ಚಿಕ್ಕಪ್ಪನ ಸೋನಾ ಮಸಾಲಾ ವ್ಯವಹಾರದಿಂದ ಒಮ್ಮೆಲೇ ಮೇಲೆ ಬಂದ ಒಂದು ಕುಟುಂಬದ ಕತೆ ಅದು. ಆ ಮನೆಯಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಬಿಟ್ಟುಕೊಡುತ್ತಾರೆ, ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ದುಡಿದು ತರುವವನ ಮರ್ಜಿ ಕೆಡದಂತೆ ಮನೆಯ ದಿನಚರಿಯೇ ಹೊಂದಿಕೊಂಡಿದೆ. ಕಥೆ ಹೇಳುವವನು ಕಂಪನಿಗೆ ಹೆಸರಿಗೆ ಡೈರೆಕ್ಟರು, ಮಾಡಲು ಕೆಲಸವಿಲ್ಲ. ಚಿಕ್ಕಪ್ಪನನ್ನು ಹುಡುಕಿಕೊಂಡು ಹೆಂಗಸೊಬ್ಬಳು ಬಾಗಿಲಿಗೆ ಬಂದಾಗ ಮನೆಯ ಹೆಂಗಸರೇ ಅವಳನ್ನು ಬೈದು ಓಡಿಸುತ್ತಾರೆ. ಅವಳು ಯಾರು, ಯಾಕೆ ಬಂದಳು ಎಂದು ಚಿಕ್ಕಪ್ಪನನ್ನು ಯಾರೂ ಕೇಳುವುದಿಲ್ಲ. ಕೇಳುವ ಸೊಸೆ ಅನಿತಾ ಮಾತ್ರ ಆ ಮನೆಗೆ ತೊಡಕಾಗುತ್ತಾಳೆ.

ಬಿಡಿಸಲಾಗದ ಗಂಟಿಗೆ ಅನಿತಾಳ ತವರಿನವರಷ್ಟೇ ಬಳಸುವ ಹೆಸರು ಘಾಚರ್ ಘೋಚರ್. ಶಾನಭಾಗರ ಕತೆಯ ಭಯ ಇರುವುದು ಅದರ ಶಾಂತಿಯಲ್ಲಿ. ಉದ್ಯೋಗಪರ್ವದಲ್ಲಿ ಎಲ್ಲರೂ ಮಾತಾಡಿ ಯುದ್ಧ ತಪ್ಪಲಿಲ್ಲ. ಇಲ್ಲಿ ಯಾರೂ ಮಾತಾಡದೆ ನಡೆಯುವ ಹಿಂಸೆಗೆ ಯುದ್ಧವೆಂಬ ಹೆಸರೂ ಇಲ್ಲ. ತಪ್ಪಿಸಿಕೊಳ್ಳುವುದನ್ನು ಪ್ರಶ್ನಾವಳಿ ಐದು ಬಗೆಗಳಲ್ಲಿ ಒಂದೆಂದಷ್ಟೇ ನೋಡುತ್ತದೆ. ಕತೆ ತೋರಿಸುವುದು ಇನ್ನೂ ಕಠಿಣವಾದುದನ್ನು. ಕೌಟುಂಬಿಕ ವ್ಯವಹಾರದಲ್ಲಿ ತಪ್ಪಿಸಿಕೊಳ್ಳುವುದು ಒಬ್ಬನ ಸ್ವಭಾವವಾಗಿ ಉಳಿಯುವುದಿಲ್ಲ, ಎಲ್ಲರಿಗೂ ಅನ್ನ ಹಾಕುವ ಏರ್ಪಾಡಾಗಿಬಿಡುತ್ತದೆ. ನಾನೂ ಭಾವನೂ ಮಾತು ಬಿಟ್ಟ ತಿಂಗಳುಗಳಲ್ಲಿ ಘಟಕ ನಿಂತಿರಲಿಲ್ಲ. ಕೆಲಸದ ಹುಡುಗನ ಕೈಯಲ್ಲಿ ಚೀಟಿ ಹೋಗುತ್ತಿತ್ತು, ಬರುತ್ತಿತ್ತು. ಎಲ್ಲ ಚೆನ್ನಾಗಿಯೇ ನಡೆಯುತ್ತಿದೆ ಎಂದು ಹೊರಗಿನವರು ಅಂದುಕೊಂಡಿದ್ದರು. ಒಂದು ಹಂತದಲ್ಲಿ ನನಗೂ ಹಾಗೆ ಅನ್ನಿಸತೊಡಗಿತ್ತು.

*

ಮೇರಿ ಪಾರ್ಕರ್ ಫಾಲೆಟ್ ಎಂಬ ಅಮೆರಿಕದ ಚಿಂತಕಿ 1925ರಲ್ಲಿ ಸಂಘರ್ಷದ ಬಗ್ಗೆ ಮಾಡಿದ ಒಂದು ಉಪನ್ಯಾಸವಿದೆ. ಥಾಮಸ್ ಮತ್ತು ಕಿಲ್ಮನ್‌ರ ಐದನೆಯ ಬಗೆಯ ಹಿಂದೆ ಇರುವ ವಿಚಾರ ಬಹುಪಾಲು ಅವಳದು. ಅವಳು ಕೊಟ್ಟ ಒಂದು ಉದಾಹರಣೆ ಹಾಲಿನವರ ಸಹಕಾರ ಸಂಘದ್ದು. ಗುಡ್ಡದ ಕಡೆಯಿಂದ ಬರುವವರು ಮೊದಲು ಹಾಲಿನ ಕ್ಯಾನು ಇಳಿಸಬೇಕೋ, ತಗ್ಗಿನ ಕಡೆಯಿಂದ ಬರುವವರೋ ಎಂಬ ಜಗಳದಲ್ಲಿ ಸಂಘವೇ ಒಡೆಯುವ ಹಾಗಾಗಿತ್ತು. ಯಾರೂ ಬಿಟ್ಟುಕೊಡಲಿಲ್ಲ, ಅರ್ಧರ್ಧ ಮಾಡಿಕೊಳ್ಳುವ ಹಾಗೂ ಇರಲಿಲ್ಲ. ಕೊನೆಗೆ ಇಳಿಸುವ ಕಟ್ಟೆಯ ಜಾಗ ಬದಲಿಸಿದರು. ಎರಡೂ ಕಡೆಯವರು ಒಟ್ಟಿಗೇ ಇಳಿಸುವಂತಾಯಿತು.

ಇದನ್ನು ಓದಿದಾಗ ನನಗೆ ನಮ್ಮ ಅಡಿಕೆಯವರ ಕತೆ ನೆನಪಾಯಿತು. ಬೆಳೆಗೆ ಮೊದಲೇ ಸಾಲ ಪಡೆದ ಬೆಳೆಗಾರ ಸಾಲ ಕೊಟ್ಟ ವ್ಯಾಪಾರಿಯ ವಖಾರಿಯಲ್ಲೇ ಅಡಿಕೆ ಸುರಿಯಬೇಕಿದ್ದ ಕಾಲದಲ್ಲಿ ಅವನಿಗೆ ‘ಶೈಲಿ’ ಎಂಬುದು ಎಲ್ಲಿಂದ ಬರಬೇಕು? ಅವನದು ಸಂಜಯನ ಎದುರಿನ ಧರ್ಮರಾಯನ ಸ್ಥಿತಿ. 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ ಹುಟ್ಟಿದಾಗ ಬೆಳೆಗಾರನ ಸ್ವಭಾವವೇನೂ ಬದಲಾಗಲಿಲ್ಲ, ಕಟ್ಟೆಯ ಜಾಗ ಬದಲಾಯಿತು. ಅಂಗಳದಲ್ಲಿ ರಾಶಿ, ಚಾಲಿ, ಬೆಟ್ಟೆ ಬೇರೆ ಬೇರೆಯಾಗಿ ಕೂರುತ್ತವೆ, ಖರೀದಿದಾರರು ಟೆಂಡರಿನಲ್ಲಿ ದರ ಬರೆಯುತ್ತಾರೆ. ಯಾರ ಮುಖ ನೋಡಿ ಯಾರೂ ತಗ್ಗಬೇಕಾಗಿಲ್ಲ. ದರ ಒಪ್ಪದಿದ್ದರೆ ಇವತ್ತು ಕೊಡುವುದಿಲ್ಲ ಎಂದರಾಯಿತು. 2019ರಲ್ಲಿ ಈ ಮೂರು ತಾಲೂಕುಗಳ ಅಡಿಕೆಗೆ ‘ಶಿರಸಿ ಸುಪಾರಿ’ ಎಂದು ಭೌಗೋಳಿಕ ಸೂಚಿಕೆ ಸಿಕ್ಕಿತು, ಅದು ನೋಂದಣಿಯಾದದ್ದೂ ಅದೇ ಸೊಸೈಟಿಯ ಹೆಸರಿನಲ್ಲಿ. ಸಿದ್ದಾಪುರದ ತೋಟದ ಅಡಿಕೆಯೂ ಯಲ್ಲಾಪುರದ ತೋಟದ ಅಡಿಕೆಯೂ ಈಗ ಹೊರಗಿನ ಪೇಟೆಯಲ್ಲಿ ಒಂದೇ ಹೆಸರಿನವು.

ಸಂಸ್ಥೆಗಳಿಂದ ಎಲ್ಲ ಜಗಳ ಮುಗಿಯುತ್ತದೆ ಎಂದು ಹೇಳುವಷ್ಟು ಮುಗ್ಧ ನಾನಲ್ಲ. ಟೆಂಡರಿನ ಚೀಟಿಯಲ್ಲಿ ದರ ಬರೆಯಬಹುದು, ‘ನನ್ನನ್ನೊಂದು ಮಾತು ಕೇಳಲಿಲ್ಲ’ ಎಂಬುದನ್ನು ಬರೆಯಲಾಗದು. ಆದರೂ ಫಾಲೆಟ್ಟಳ ಕಟ್ಟೆ ನನಗೆ ಉಪಕಾರ ಮಾಡಿತು. ನಾನೂ ಭಾವನೂ ಯಾರ ತಪ್ಪೆಂದು ಹೊಡೆದಾಡುತ್ತಿದ್ದೆವು. ಆಷಾಢದಲ್ಲಿ ಪ್ರೆಸ್ಸು ಯಾಕೆ ನಡೆಯಬೇಕು ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳಿರಲಿಲ್ಲ.

*

ತಾಳಮದ್ದಲೆ ಕೇಳಿದ ಮಾರನೆಯ ವಾರ ನಾನು ಮತ್ತೆ ಯಲ್ಲಾಪುರದ ಬಸ್ಸು ಹತ್ತಿದೆ. ಈ ಸಲ ಹಿರಿಯರಿರಲಿಲ್ಲ, ಲೆಕ್ಕದ ಪುಸ್ತಕವೂ ಇರಲಿಲ್ಲ. ದಾರಿಯಲ್ಲಿ ಭಾವನ ಅರ್ಥವನ್ನು ನಾನೇ ಹೇಳಿಕೊಂಡು ನೋಡಿದೆ, ಕೌರವನ ಪಾತ್ರ ಬಂದವನು ತಯಾರಿ ಮಾಡುವ ಹಾಗೆ. ನನ್ನ ವಿರುದ್ಧ ಅವನಲ್ಲಿದ್ದ ವಾದ ನಾನು ತಿಳಿದದ್ದಕ್ಕಿಂತ ಗಟ್ಟಿಯಾಗಿತ್ತು. ಹಸಿ ಹಾಳೆ ಕೊಂಡದ್ದು ನಾನು ಹಿಡಿದ ಆರ್ಡರಿನ ದಿನ ಮೀರಬಾರದೆಂದು. ಅಂದರೆ ನನ್ನ ಮಾತು ಉಳಿಸುವುದಕ್ಕೆ.

ತೋಟದ ಕಾಲುಹಾದಿಯಲ್ಲಿ ನಿಂತು ಅಷ್ಟನ್ನೇ ಅವನಿಗೆ ಹೇಳಿದೆ. ಅವನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಮುಂದಿನ ವರ್ಷದಿಂದ ಮಳೆ ಹಿಡಿಯುವ ಮೊದಲೇ ಒತ್ತಿ ಒಣಗಿಸಿಟ್ಟ ತಟ್ಟೆ ಎಷ್ಟಿದೆಯೋ ಅಷ್ಟಕ್ಕೇ ಮಳೆಗಾಲದ ಆರ್ಡರು ಹಿಡಿಯೋಣ ಎಂದ. ಹೂಂ ಎಂದೆ. ಆ ಸಲದ ನಷ್ಟ ಯಾರದ್ದೆಂದು ಈವರೆಗೂ ತೀರ್ಮಾನವಾಗಿಲ್ಲ. ಪುಸ್ತಕದಲ್ಲಿ ಆ ಸಾಲು ಹಾಗೆಯೇ ಇದೆ, ಪ್ರತಿ ವರ್ಷ ಇಬ್ಬರೂ ನೋಡುತ್ತೇವೆ, ಪುಟ ತಿರುವುತ್ತೇವೆ.

ಇದನ್ನು ಗೆಲುವೆಂದು ಹೇಳಲಾರೆ. ಎಕಾಂತದಲ್ಲಿ ಆಡಿದ ಮಾತಿಗೆಲ್ಲ ಫಲವಿದೆ ಎಂದೂ ಹೇಳಲಾರೆ. ಉದ್ಯೋಗಪರ್ವದಲ್ಲೇ ಅದಕ್ಕೆ ಉತ್ತರವಿದೆ. ಸಭೆ ಮುಗಿದ ಮೇಲೆ ಕೃಷ್ಣ ಕರ್ಣನನ್ನು ತನ್ನ ರಥದಲ್ಲಿ ಕೂರಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಅಲ್ಲಿ ಸಾಕ್ಷಿಗಳಿಲ್ಲ. ಹಿರಿಯ ಪಾಂಡವನೆಂಬ ಪಟ್ಟವನ್ನೇ ಮುಂದಿಡುತ್ತಾನೆ. ಕರ್ಣ ಒಪ್ಪುವುದಿಲ್ಲ. ಈ ಗುಟ್ಟು ಧರ್ಮರಾಯನಿಗೆ ಹೇಳಬೇಡ, ಅವನು ರಾಜ್ಯವನ್ನು ನನಗೆ ಕೊಡು ಎಂದರೆ ನಾನು ಅದನ್ನು ದುರ್ಯೋಧನನಿಗೇ ಕೊಟ್ಟುಬಿಡುತ್ತೇನೆ ಎನ್ನುತ್ತಾನೆ. ಅದು ಸಂಧಾನವೋ ಭೇದೋಪಾಯವೋ ಎಂದು ನಮ್ಮ ಅರ್ಥಧಾರಿಗಳು ಇನ್ನೂ ವಾದಿಸುತ್ತಲೇ ಇದ್ದಾರೆ. ಆದರೆ ಇಡೀ ಪರ್ವದಲ್ಲಿ ಇಬ್ಬರು ಒಬ್ಬರನ್ನೊಬ್ಬರು ನೋಡಿ ಮಾತಾಡಿದ್ದು ಎಲ್ಲಾದರೂ ಇದ್ದರೆ ಅದು ಆ ರಥದಲ್ಲಿ. ಯುದ್ಧ ನಿಲ್ಲಲಿಲ್ಲ. ಇಬ್ಬರ ನಡುವೆ ಗೌರವ ಮಾತ್ರ ಉಳಿಯಿತು.

ಗೋಡೆಯ ಮೇಲಿನ ಹಾಳೆಯನ್ನು ನಾನು ತೆಗೆದಿಲ್ಲ. ಐದು ಬಗೆಗಳು ಸುಳ್ಳೇನಲ್ಲ, ಹೊಸಬರಿಗೆ ಒಂದು ಹಿಡಿಕೆಯಾದರೂ ಸಿಗುತ್ತದೆ. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಬರೆದುಕೊಂಡಿದ್ದೇನೆ: ಈ ಮಾತು ಯಾರಿಗೆ? ಬಾಕಿ ಕೇಳುವ ಪತ್ರ ಬರೆಯುವಾಗ, ಕೆಲಸದವರ ತಕರಾರು ಕೇಳುವಾಗ ಕಣ್ಣು ಅದರ ಮೇಲೆ ಹೋಗುತ್ತದೆ. ಎಷ್ಟೋ ಸಲ ಉತ್ತರ ನನಗೆ ಇಷ್ಟವಾಗುವುದಿಲ್ಲ.

ಆ ದಿನ ತೋಟದಿಂದ ಮನೆಗೆ ಬಂದಾಗ ತಂಗಿ ಏನನ್ನೂ ಕೇಳಲಿಲ್ಲ. ಕಷಾಯ ತಂದಿಟ್ಟಳು. ಕುಡಿದೆ.